40 ಪದದ ಅರ್ಜಿ 21 ಪದಕ್ಕೆ: ಕಲಬುರಗಿಯ ಒಂದು ಡಿಟಿಪಿ ಅಂಗಡಿಯ ವಿಮರ್ಶೆ

ಕಲಬುರಗಿಯ ಮಿನಿ ವಿಧಾನಸೌಧದ ಆಸುಪಾಸಿನಲ್ಲಿ ಡಿಟಿಪಿ ಅಂಗಡಿಗಳಿಗೆ ಬರವಿಲ್ಲ. ಝೆರಾಕ್ಸ್, ಲ್ಯಾಮಿನೇಷನ್, ಪಾಸ್‌ಪೋರ್ಟ್ ಫೋಟೊ, ಬಾಂಡ್ ಪೇಪರ್ ಟೈಪಿಂಗ್ ಎಲ್ಲವೂ ಒಂದೇ ಕೌಂಟರಿನಲ್ಲಿ ಆಗುತ್ತವೆ. ಹೆಚ್ಚಿನ ಕಡೆ ನೀವು ಕೊಟ್ಟ ಚೀಟಿಯನ್ನು ಹಾಗೆಯೇ ಟೈಪ್ ಮಾಡಿ, ಮೇಲೊಂದು ‘ವಿನಮ್ರ’, ಕೆಳಗೊಂದು ‘ಪ್ರಾರ್ಥನೆ’ ಸೇರಿಸಿ ಕೈಗಿಡುತ್ತಾರೆ. ಈ ವಿಮರ್ಶೆಯ ಅಂಗಡಿಯ ರೀತಿ ಬೇರೆ. ಇಲ್ಲಿ ಟೈಪಿಂಗ್‌ಗೆ ಒಂದು ದರ, ಬರಹ ‘ಚೊಕ್ಕ’ ಮಾಡುವುದಕ್ಕೆ ಇನ್ನೊಂದು ದರ. ಪುಟಕ್ಕೆ 40 ರೂಪಾಯಿ ಕೊಟ್ಟರೆ ತಂದದ್ದನ್ನು ಟೈಪ್ ಮಾಡುತ್ತಾರೆ. 100 ಕೊಟ್ಟರೆ ಓದಿ, ಪ್ರಶ್ನೆ ಕೇಳಿ, ಬೇಡದ್ದನ್ನು ಕಿತ್ತು, ಒಮ್ಮೆ ತಿದ್ದುವ ಅವಕಾಶವನ್ನೂ ಕೊಟ್ಟು ಮುದ್ರಿಸುತ್ತಾರೆ. ಹೊಗಳಿಕೆಯ ಜೊತೆ ದೂರುಗಳೂ ಇರುವುದರಿಂದ ಹೆಸರು ಹಾಕಿಲ್ಲ. ಇಂಥ ಕೆಲಸ ಮಾಡುವ ಯಾವ ಅಂಗಡಿಗೂ ಇದೇ ಅಳತೆಗೋಲು ಹಿಡಿದು ನೋಡಬಹುದು.

ಮೊದಲಿಗೆ ಕೆಲಸದ ಕ್ರಮ. ಚೊಕ್ಕ ಮಾಡುವವರು ಚೀಟಿ ಕೈಗೆ ಬಂದ ಕೂಡಲೇ ಕೀಬೋರ್ಡ್ ಮುಟ್ಟುವುದಿಲ್ಲ. ಕೆಂಪು ಪೆನ್ನಿನಿಂದ ಹೆಸರು, ತಾರೀಕು, ಸರ್ವೇ ನಂಬರು, ಮೊತ್ತ, ಜಾಗ ಇವಿಷ್ಟಕ್ಕೆ ಅಡಿಗೆರೆ ಎಳೆಯುತ್ತಾರೆ. ಗೆರೆ ಬೀಳದ ಪ್ರತಿ ಪದವೂ ತಾನು ಯಾಕೆ ಇರಬೇಕು ಅಂತ ಲೆಕ್ಕ ಕೊಡಬೇಕು. ಆಮೇಲೆ ಕೇಳುವ ಪ್ರಶ್ನೆ ಒಂದೇ: “ಈ ಕಾಗದ ಓದಿದ ಮ್ಯಾಲ ಸಾಹೇಬ್ರು ಏನ್ ಮಾಡ್ಬೇಕ್ರಿ?” ಅದಕ್ಕೆ ಸಿಕ್ಕ ಉತ್ತರವೇ ‘ವಿಷಯ’ದ ಸಾಲಾಗುತ್ತದೆ. ‘ವಿಷಯ: ರಸ್ತೆಯ ಬಗ್ಗೆ’ ಎಂದು ತಂದದ್ದು ‘ವಿಷಯ: ರಸ್ತೆ ಕಾಮಗಾರಿಯ ಕಾರ್ಯಾದೇಶ ಮತ್ತು ಬಿಲ್ಲುಗಳ ಪ್ರತಿ ಕೋರಿ’ ಎಂದಾಗುತ್ತದೆ. ಇಲ್ಲಿ ಪದ ಕಡಿಮೆ ಆಗಲಿಲ್ಲ, ಹೆಚ್ಚೇ ಆಯಿತು. ಆದರೆ ಟಪಾಲು ವಿಭಾಗದ ಗುಮಾಸ್ತರು ಆ ಒಂದು ಸಾಲು ಓದಿದರೆ ಸಾಕು, ಕಾಗದ ಯಾವ ಶಾಖೆಗೆ ಹೋಗಬೇಕೆಂದು ತಿಳಿಯುತ್ತದೆ. ಕತ್ತರಿ ಹಿಡಿದವರಿಗೆ ಎಲ್ಲಿ ಸೇರಿಸಬೇಕು ಅನ್ನುವುದೂ ಗೊತ್ತಿರಬೇಕು. ಈ ಅಂಗಡಿಗೆ ಅದು ಗೊತ್ತಿದೆ.

ಇವರ ಕೈಚಳಕ ಚೆನ್ನಾಗಿ ಕಾಣುವುದು ಮಾಹಿತಿ ಹಕ್ಕಿನ ಅರ್ಜಿಯಲ್ಲಿ. ಕರ್ನಾಟಕದ ನಿಯಮಗಳಿಗೆ 2008ರಲ್ಲಿ ಆದ ತಿದ್ದುಪಡಿಯಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಕೇಂದ್ರ ಸರ್ಕಾರದ ಕಚೇರಿಗಳಿಗೆ 2012ರ ನಿಯಮದಲ್ಲಿ 500 ಪದದವರೆಗೆ ಅವಕಾಶ ಇದೆ. ರಾಜ್ಯದ ಕಚೇರಿಗೆ ಬರೆಯುವಾಗ ಆ ಧಾರಾಳ ನಡೆಯುವುದಿಲ್ಲ. ಊರ ಕಡೆಯಿಂದ ಬರುವ ಕರಡಿನ ಮಾದರಿ ಹೀಗಿರುತ್ತದೆ:

‘ಮಾನ್ಯರೇ, ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅತ್ಯಂತ ವಿನಮ್ರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮ ಗ್ರಾಮದಲ್ಲಿ ಹಾದು ಹೋಗಿರುವ ಸದರಿ ರಸ್ತೆಯ ಕಾಮಗಾರಿಯ ಕೆಲಸವು ಸನ್ 2023-24ನೇ ಸಾಲಿನ ವರ್ಷದಲ್ಲಿ ಪ್ರಾರಂಭವಾಗಿ ಶುರುವಾಗಿದ್ದು, ಇಲ್ಲಿಯವರೆಗೂ ಪೂರ್ಣವಾಗಿ ಮುಗಿದಿರುವುದಿಲ್ಲವಾದ್ದರಿಂದ, ಸದರಿ ಕಾಮಗಾರಿಗೆ ಸಂಬಂಧಪಟ್ಟ ಎಲ್ಲಾ ರೀತಿಯ ಸಂಪೂರ್ಣ ಮಾಹಿತಿಯನ್ನು ದಯಮಾಡಿ ಒದಗಿಸಿ ಕೊಡಬೇಕಾಗಿ ತಮ್ಮಲ್ಲಿ ಕೈಮುಗಿದು ಪ್ರಾರ್ಥನೆ.’

ಎಣಿಸಿದರೆ 40 ಪದ. ಯಾವ ರಸ್ತೆ ಎಂದು ಇಲ್ಲ, ಯಾವ ದಾಖಲೆ ಬೇಕೆಂದೂ ಇಲ್ಲ. ಅಂಗಡಿಯಿಂದ ಹೊರಬಿದ್ದದ್ದು ಇದು:

‘2023-24ರಲ್ಲಿ ಶುರುವಾದ, ಹನುಮಾನ ಗುಡಿಯಿಂದ ಹೆದ್ದಾರಿವರೆಗಿನ ರಸ್ತೆ ಕಾಮಗಾರಿಯ ಈ ದಾಖಲೆಗಳ ದೃಢೀಕೃತ ಪ್ರತಿ ಕೊಡಿ: ಕಾರ್ಯಾದೇಶ, ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟಗಳು, ಗುತ್ತಿಗೆದಾರರಿಗೆ ಪಾವತಿಸಿದ ಬಿಲ್ಲುಗಳು.’

ಇದು 21 ಪದ. ಹೋದದ್ದು ಏನೆಂದು ನೋಡಿ. ‘ಸಾಲಿನ ವರ್ಷ’, ‘ಪ್ರಾರಂಭವಾಗಿ ಶುರುವಾಗಿ’, ‘ಕಾಮಗಾರಿಯ ಕೆಲಸ’, ‘ಎಲ್ಲಾ ರೀತಿಯ ಸಂಪೂರ್ಣ’ ಇವೆಲ್ಲ ಒಂದೇ ಮಾತಿನ ಎರಡೆರಡು ಅಂಗಿ. ‘ಮುಗಿದಿರುವುದಿಲ್ಲ’ ಎಂಬ ದೂರನ್ನೂ ತೆಗೆದಿದ್ದಾರೆ, ಅದೂ ಸರಿಯೇ. 2005ರ ಕಾಯ್ದೆಯಲ್ಲಿ ಸಿಗುವುದು ಕಚೇರಿಯ ಬಳಿ ಇರುವ ದಾಖಲೆ. ‘ಯಾಕೆ ಮುಗಿದಿಲ್ಲ’ ಎಂದು ಕೇಳಿದರೆ ಮಾಹಿತಿ ಅಧಿಕಾರಿ ‘ಇದು ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದು. ‘ಸಂಪೂರ್ಣ ಮಾಹಿತಿ’ ಎಂದು ಕೇಳಿದರೂ ಅಷ್ಟೇ, ಯಾವುದೆಂದು ಸ್ಪಷ್ಟಪಡಿಸಿ ಎಂಬ ಹಿಂಬರಹ ಬರುತ್ತದೆ. ದಾಖಲೆಯ ಹೆಸರು ಹಾಕಿದರೆ ಜಾರಿಕೊಳ್ಳಲು ದಾರಿ ಕಡಿಮೆ, ಉತ್ತರ ಕೊಡಲು ಅವರಿಗಿರುವ 30 ದಿನದ ಗಡುವಿಗೂ ಬೆಲೆ ಬರುತ್ತದೆ. ‘ಅಂದಾಜು ಪಟ್ಟಿ’, ‘ಅಳತೆ ಪುಸ್ತಕ’ ಎಂಬ ಹೆಸರುಗಳು ಗಿರಾಕಿಗೆ ಗೊತ್ತಿರಲಿಲ್ಲ. ಅಂಗಡಿಯವರಿಗೆ ಗೊತ್ತಿತ್ತು. ಮೇಲಿನ 60 ರೂಪಾಯಿ ಅದಕ್ಕೇ ಹೋಯಿತು ಅಂದುಕೊಳ್ಳಿ.

ಇಲ್ಲೊಂದು ಕೊರತೆ ಇದೆ. ಬಿಪಿಎಲ್ ಕಾರ್ಡ್ ಇದ್ದವರು 10 ರೂಪಾಯಿ ಅರ್ಜಿ ಶುಲ್ಕ ಕೊಡಬೇಕಿಲ್ಲ. ಅಂಥವರ ಅರ್ಜಿಯಲ್ಲಿ ‘ಬಿಪಿಎಲ್ ಕಾರ್ಡಿನ ಪ್ರತಿ ಲಗತ್ತಿಸಿದೆ’ ಎಂಬ ಸಾಲು ಇರಲೇಬೇಕು. ಅಂಗಡಿಯ ಸಿದ್ಧ ನಮೂನೆಯಲ್ಲಿ ‘ಪೋಸ್ಟಲ್ ಆರ್ಡರ್ ಲಗತ್ತಿಸಿದೆ’ ಎಂದು ಮೊದಲೇ ಕೂತಿರುತ್ತದೆ. ಅದನ್ನು ಬದಲಿಸುವುದು ಮರೆತರೆ ಅರ್ಜಿ ಶುಲ್ಕವಿಲ್ಲದ್ದೆಂದು ವಾಪಸ್ ಬರುತ್ತದೆ. ಮುದ್ರಿಸುವ ಮುಂಚೆ ಕೊನೆಯ ಎರಡು ಸಾಲು ನೀವೇ ಓದಿ.

ಇನ್ನು ಕ್ರಿಯಾಪದಗಳ ಮಾತು. ಕಚೇರಿ ಕನ್ನಡ ಊದಿಕೊಳ್ಳುವುದು ಬಹಳಷ್ಟು ಸಲ ವಾಕ್ಯದ ಬಾಲದಲ್ಲಿ. ‘ಅರ್ಜಿಯನ್ನು ಸಲ್ಲಿಸಲಾಗಿರುತ್ತದೆ’ ಎನ್ನುವಲ್ಲಿ ಸಲ್ಲಿಸಿದವರೇ ಮಾಯ. ‘ಅರ್ಜಿ ಸಲ್ಲಿಸಿದ್ದೇನೆ’ ಎಂದರೆ ‘ನಾನು’ ಎಂದು ಬರೆಯದೆಯೂ ನಾನು ಬಂದಾಯಿತು, ಕನ್ನಡದ ಕ್ರಿಯಾಪದ ಆಳನ್ನು ತನ್ನ ತುದಿಯಲ್ಲೇ ಹೊತ್ತಿರುತ್ತದೆ. ಎದುರು ಕಡೆಯವರ ವಿಷಯದಲ್ಲಿ ಇದು ಇನ್ನೂ ಮುಖ್ಯ. ‘ಕಾಲುವೆ ಮುಚ್ಚಲಾಗಿರುತ್ತದೆ’ ಎಂದು ದೂರು ಕೊಟ್ಟರೆ ಯಾರನ್ನು ವಿಚಾರಿಸಬೇಕು? ಅಂಗಡಿಯವರು ಇಂಥ ಪ್ರತಿ ‘ಲಾಗಿರುತ್ತದೆ’ಗೂ ತಡೆದು “ಯಾರ್ರಿ ಮುಚ್ಚಿದವರು?” ಎಂದು ಕೇಳುತ್ತಾರೆ. ಹೆಸರು ಹೇಳಲು ಗಿರಾಕಿ ಹಿಂಜರಿದರೆ, ಬಲವಂತ ಮಾಡದೆ ‘ಪಕ್ಕದ ಹೊಲದವರು’ ಎಂದಾದರೂ ಹಾಕಿಸುತ್ತಾರೆ.

‘ಪರಿಶೀಲನೆಯನ್ನು ಕೈಗೊಂಡು ಸೂಕ್ತ ಕ್ರಮವನ್ನು ಜರುಗಿಸಬೇಕಾಗಿ’ ಎಂಬ ಸಾಲು ಇಲ್ಲಿ ಬದುಕುವುದಿಲ್ಲ. ಅದರ ಜಾಗಕ್ಕೆ ‘ಸರ್ವೇಯರ್ ಕಳಿಸಿ ಹದ್ದುಬಸ್ತು ಮಾಡಿಸಿಕೊಡಿ’ (ಗಡಿ ಅಳೆದು ಗುರುತು ಹಾಕಿಸಿಕೊಡಿ) ಎಂಬಂಥ ಸಾಲು ಬರುತ್ತದೆ. ‘ಸೂಕ್ತ’ ಎಂದರೆ ಏನನ್ನು ಮಾಡಿದರೂ, ಮಾಡದಿದ್ದರೂ ನಡೆಯುತ್ತದೆ ಎಂದು ಬರೆದುಕೊಟ್ಟ ಹಾಗೆ. ‘ಸದರಿ’ಗೂ ಇಲ್ಲಿ ಅಷ್ಟಾಗಿ ಮರ್ಯಾದೆ ಇಲ್ಲ. ಒಂದೇ ಅರ್ಜಿಯಲ್ಲಿ ಎರಡು ಜಮೀನು ಇದ್ದರೆ ‘ಸದರಿ ಜಮೀನು’ ಯಾವುದೆಂದು ಬರೆದವರಿಗೂ ಗೊತ್ತಾಗದು, ಅದರ ಬದಲು ಸರ್ವೇ ನಂಬರನ್ನೇ ಮತ್ತೆ ಬರೆಯುತ್ತಾರೆ. (ಸಾಲಿಗೆ ಮೂರು ‘ಸದರಿ’ ಇಲ್ಲದಿದ್ದರೆ ಕಾನೂನು ಕಾಗದ ಅನ್ನಿಸುವುದೇ ಇಲ್ಲ ಎಂಬ ಗಿರಾಕಿಗಳೂ ಇದ್ದಾರೆ. ಅವರಿಗಾಗಿ ಒಂದನ್ನು ಉಳಿಸುತ್ತಾರಂತೆ.)

ಗಮನಿಸಬೇಕಾದ ಇನ್ನೊಂದು ಸಂಗತಿ: ಬರೆದು ತಂದವರಿಗಿಂತ ಬಾಯಲ್ಲಿ ಹೇಳುವವರ ಅರ್ಜಿ ಇಲ್ಲಿ ಚೆನ್ನಾಗಿ ಬರುತ್ತದೆ. ಬರೆದು ತಂದವರು ಯಾವುದೋ ಹಳೆಯ ಅರ್ಜಿ ನೋಡಿ ಅದರ ಪಲ್ಲವಿ ಎಲ್ಲ ಎತ್ತಿಕೊಂಡಿರುತ್ತಾರೆ. ಬಾಯಲ್ಲಿ ಹೇಳುವಾಗ ಯಾರೂ ‘ಅರಿಕೆ ಮಾಡಿಕೊಳ್ಳುವುದೇನೆಂದರೆ’ ಅನ್ನುವುದಿಲ್ಲ, “ಎರಡು ವರ್ಷ ಆಯ್ತು, ಪಹಣಿದಾಗ ನಮ್ಮಪ್ಪನ ಹೆಸರೇ ಅದ” ಅನ್ನುತ್ತಾರೆ. ದಖ್ಖನಿ ಉರ್ದುವಿನಲ್ಲಿ ಹೇಳುವವರ ಮಾತನ್ನು ಇವರು ನೇರ ಕನ್ನಡಕ್ಕೆ ತರುವಾಗಲೂ ಹೀಗೆಯೇ, ಸವಕಲು ಸಾಲುಗಳಿಗೆ ದಾರಿಯೇ ಸಿಗುವುದಿಲ್ಲ. ಹಾಗಾಗಿ ಚೀಟಿ ಕಿಸೆಯಲ್ಲೇ ಇರಲಿ, ದಾಖಲೆಗಳನ್ನು ಕೈಯಲ್ಲಿ ಹಿಡಿದು ವಿಷಯ ಹೇಳಿಬಿಡಿ.

ಈಗ ದೂರು. ಈ ಅಂಗಡಿಗೆ ಕತ್ತರಿಯ ಅಮಲು ಏರುವುದೂ ಉಂಟು. ಬೆಳೆ ವಿಮೆಯ ದೂರಿನಲ್ಲಿ ಅದು ದುಬಾರಿಯಾಗುತ್ತದೆ. ಗಿರಾಕಿಯ ಕರಡು: ‘ಆಗಸ್ಟ್ 12ರಂದು ರಾತ್ರಿ ಸುರಿದ ಭಾರೀ ಧಾರಾಕಾರ ಮಳೆಯಿಂದಾಗಿ ಹಳ್ಳದ ನೀರು ನುಗ್ಗಿ ಹೊಲದಲ್ಲಿ ನಿಂತಿದ್ದರಿಂದ ತೊಗರಿ ಬೆಳೆಯು ಸಂಪೂರ್ಣವಾಗಿ ಹಾಳಾಗಿ ನಷ್ಟವಾಗಿರುತ್ತದೆ.’ ಅಂಗಡಿ ಕೊಟ್ಟದ್ದು: ‘ಆಗಸ್ಟ್ 12ರ ಮಳೆಗೆ ತೊಗರಿ ಹಾಳಾಗಿದೆ.’ ಕೇಳಲು ಚೊಕ್ಕವಾಗಿದೆ, ಆದರೆ ಜೀವ ಹೋಗಿದೆ. ಫಸಲ್ ಬಿಮಾ ಯೋಜನೆಯಲ್ಲಿ ಒಬ್ಬೊಬ್ಬರ ಹೊಲದ ನಷ್ಟವನ್ನು ಬೇರೆಯಾಗಿ ಲೆಕ್ಕ ಹಿಡಿಯುವುದು ಆಲಿಕಲ್ಲು, ಭೂಕುಸಿತ, ಹೊಲ ಮುಳುಗಡೆ, ಮೇಘಸ್ಫೋಟ, ಸಿಡಿಲಿನ ಬೆಂಕಿ ಇಂಥ ಕಾರಣಗಳಿಗೆ. ಬರೀ ‘ಮಳೆ’ ಎಂದರೆ ಆ ಪಟ್ಟಿಯಲ್ಲಿ ಯಾವುದಕ್ಕೂ ಸೇರುವುದಿಲ್ಲ. ‘ನೀರು ನಿಂತು’ ಎಂಬ ಎರಡು ಪದಗಳ ಮೇಲೆ ಇಡೀ ದೂರು ನಿಂತಿದೆ, ಅವನ್ನೇ ಕಿತ್ತರು.

ಕೀಳಬೇಕಾದದ್ದು ‘ಭಾರೀ ಧಾರಾಕಾರ’, ‘ಹಾಳಾಗಿ ನಷ್ಟವಾಗಿ’, ಮತ್ತು ‘ಸಂಪೂರ್ಣವಾಗಿ’. ಈ ಕೊನೆಯದರ ಜಾಗದಲ್ಲಿ ಅಂಕಿ ಬರಬೇಕು: ‘ಆಗಸ್ಟ್ 12ರ ರಾತ್ರಿ ಹಳ್ಳದ ನೀರು ನುಗ್ಗಿ ಹೊಲದಲ್ಲಿ ನಿಂತು, 4 ಎಕರೆ ತೊಗರಿಯಲ್ಲಿ 3 ಎಕರೆ ಹಾಳಾಗಿದೆ.’ ಮೂರು ಎಕರೆ ಹಾಳಾದ ಹೊಲಕ್ಕೆ ‘ಸಂಪೂರ್ಣ’ ಎಂದು ಬರೆದಿದ್ದರೆ, ನೋಡಲು ಬಂದವರು ಉಳಿದ ಒಂದು ಎಕರೆ ತೋರಿಸಿ ದೂರೇ ಸುಳ್ಳು ಎನ್ನಬಹುದು. ತಾರೀಕಂತೂ ಬೇಕೇ ಬೇಕು. ನಷ್ಟವಾದ 72 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮ ಇರುವುದರಿಂದ, ‘ಇತ್ತೀಚೆಗೆ ಸುರಿದ’ ಎಂಬ ಮಾತು ಗಡುವಿನ ಲೆಕ್ಕಕ್ಕೆ ಬರುವುದಿಲ್ಲ. ಕೌಂಟರಿನಲ್ಲಿ “ಕಾಕಾ, ಹೊಲದಾಗ ನೀರ ನಿಂತದೋ, ಬರೇ ಮಳಿ ಹೊಡದದೋ?” ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕೇಳುವಷ್ಟು ಪ್ರಶ್ನೆಗಳನ್ನು ಇಲ್ಲಿ ಕೇಳುವುದಿಲ್ಲ. ಮಳೆಗಾಲದ ಗದ್ದಲದಲ್ಲಿ ಕೆಲಸ ಓಡಿಸುತ್ತಾರೆ.

ಕರಾರು ಪತ್ರ, ವಾಟ್ನಿ (ಆಸ್ತಿ ಪಾಲಿನ) ಪತ್ರ, ಸಾಲದ ಕಾಗದ ಇವನ್ನು ಇಲ್ಲಿ ಚೊಕ್ಕ ಮಾಡಿಸಲೇಬೇಡಿ. ಟೈಪಿಂಗ್ ಮಾತ್ರ ಮಾಡಿಸಿ, ಒಕ್ಕಣೆಯನ್ನು ವಕೀಲರಿಗೆ ಬಿಡಿ. ಪುನರುಕ್ತಿಯಂತೆ ಕಾಣುವ ಎಷ್ಟೋ ಮಾತುಗಳು ಅಲ್ಲಿ ಕಾವಲು ಕೆಲಸ ಮಾಡುತ್ತಿರುತ್ತವೆ. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುವುದನ್ನೇ ತೆಗೆದುಕೊಳ್ಳಿ. ಚೆಕ್ಕು, ಪ್ರಾಮಿಸರಿ ನೋಟುಗಳಲ್ಲಿ ಎರಡೂ ಬೇರೆಬೇರೆ ಇದ್ದರೆ ಅಕ್ಷರದಲ್ಲಿ ಬರೆದದ್ದೇ ಲೆಕ್ಕಕ್ಕೆ ಬರುತ್ತದೆ, 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಂ ಹೇಳುವುದು ಇದನ್ನೇ. ‘ಅಂಕಿ ಇದೆಯಲ್ಲ, ಅಕ್ಷರ ಯಾಕೆ’ ಎಂದು ಕಿತ್ತರೆ ಒಂದು ಸೊನ್ನೆ ತಪ್ಪಿದ ದಿನ ಕೈಯಲ್ಲಿ ಏನೂ ಇರುವುದಿಲ್ಲ.

ಚಕ್ಕುಬಂದಿಯೂ ಹಾಗೇ. ಸರ್ವೇ ನಂಬರ್ ಇದ್ದ ಮೇಲೆ ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಬಂಡಿದಾರಿ ಎಂಬುದೆಲ್ಲ ಹೆಚ್ಚುವರಿ ಅನ್ನಿಸುತ್ತದೆ. ಆದರೆ ಪೋಡಿ ಆಗದ, ಅಂದರೆ ಪಾಲುಗಳನ್ನು ಅಳೆದು ಬೇರೆ ನಂಬರು ಕೊಡದ ಜಮೀನಿನಲ್ಲಿ ಒಂದೇ ಸರ್ವೇ ನಂಬರಿನೊಳಗೆ ನಾಲ್ಕಾರು ಜನರ ಪಾಲು ಇರುತ್ತದೆ, ನಿಮ್ಮ 2 ಎಕರೆ ಯಾವ ಮೂಲೆಯದು ಎಂದು ಹೇಳುವುದು ಚಕ್ಕುಬಂದಿ ಒಂದೇ. ‘ಮಾತ್ರ’ ಎಂಬ ಸಣ್ಣ ಪದದ ಬಗ್ಗೆಯೂ ಎಚ್ಚರ ಇರಲಿ. ‘ನೀರು ಹಾಯಿಸಲು ಮಾತ್ರ ದಾರಿ ಬಿಟ್ಟಿದೆ’ ಎಂಬುದರಿಂದ ಅದನ್ನು ತೆಗೆದರೆ ನಾಳೆ ಟ್ರ್ಯಾಕ್ಟರ್ ಬರುತ್ತದೆ. ‘ಮತ್ತು’ ಇದ್ದಲ್ಲಿ ‘ಅಥವಾ’, ‘ಸಹ’ ಇದ್ದಲ್ಲಿ ಖಾಲಿ, ಇಂಥವು ಕಣ್ಣಿಗೆ ಬೀಳುವುದು ತಕರಾರು ಎದ್ದ ಮೇಲೆ.

ಪದದ ಲೆಕ್ಕದಲ್ಲಿ ನಡೆಯುವ ಒಂದು ಕಣ್ಕಟ್ಟನ್ನೂ ಹೇಳಬೇಕು. ಕಂಪ್ಯೂಟರ್ ಎಣಿಸುವುದು ಪದಗಳ ನಡುವಿನ ಖಾಲಿ ಜಾಗ ನೋಡಿ. ‘ಮಾಡಬೇಕಾಗಿ ಇರುವುದರಿಂದ’ ಎರಡು ಪದ, ‘ಮಾಡಬೇಕಾಗಿರುವುದರಿಂದ’ ಒಂದೇ. ಅವಸರದಲ್ಲಿ ಅಂಗಡಿಯ ಹುಡುಗರು ಪದ ಕೂಡಿಸಿ 150ರೊಳಗೆ ತಂದುಬಿಡುತ್ತಾರೆ. ಲೆಕ್ಕ ಸರಿಹೋಗುತ್ತದೆ, ಓದುವವರ ಪಾಡು ಹಾಗೇ ಉಳಿಯುತ್ತದೆ. ‘ಮಾಡಬೇಕು. ಅದಕ್ಕೆ’ ಎಂದು ವಾಕ್ಯ ಮುರಿದರೆ ಪದ ಹೆಚ್ಚಾದರೂ ಓದು ಹಗುರ. ನಾಲ್ಕು ಸಾಲು ದಾಟಿದ ವಾಕ್ಯದಲ್ಲಿ ‘-ದ್ದು,’ ‘-ಆಗಿ,’ ‘-ಇರುವುದರಿಂದ,’ ಎಲ್ಲೆಲ್ಲಿ ಬಂದಿವೆಯೋ ಅಲ್ಲಿ ಪೂರ್ಣವಿರಾಮ ಹಾಕಿ ನೋಡಿ, ಅರ್ಥ ಕೆಡದಿದ್ದರೆ ಅದೇ ಸರಿ.

ಎಸ್‌ಎಂಎಸ್ ಒಕ್ಕಣೆಯಲ್ಲಿ ಇವರು ಗಟ್ಟಿಗರು. ಇಂಗ್ಲಿಷ್ ಸಂದೇಶಕ್ಕೆ 160 ಅಕ್ಷರದ ಮಿತಿಯಾದರೆ ಕನ್ನಡಕ್ಕೆ 70 ಮಾತ್ರ. ಅದಕ್ಕಿಂತ ಒಂದು ಹೆಚ್ಚಾದರೂ ಎರಡು ಸಂದೇಶದ ದುಡ್ಡು ಬೀಳುತ್ತದೆ. ಲೆಕ್ಕ ಹಿಡಿಯುವುದೂ ನಾವು ಕಣ್ಣಲ್ಲಿ ಎಣಿಸುವಂತಲ್ಲ, ‘ಸ್ತ್ರೀ’ ಒಂದೇ ಅಕ್ಷರದಂತೆ ಕಂಡರೂ ಯಂತ್ರಕ್ಕೆ ಆರು. ಒತ್ತಕ್ಷರ ತುಂಬಿದ ಸಂಸ್ಕೃತ ಪದ ಹಾಕಿದಷ್ಟೂ ಖರ್ಚು. ಸಹಕಾರ ಸಂಘವೊಂದರ ‘ವಾರ್ಷಿಕ ಸರ್ವಸಾಧಾರಣ ಸಭೆಯನ್ನು ಹಮ್ಮಿಕೊಳ್ಳಲಾಗಿದ್ದು’ ಎಂದು ಶುರುವಾಗಿದ್ದ ಉದ್ದ ಸಾಲನ್ನು ಇವರು ಇಳಿಸಿದ್ದು ಹೀಗೆ: ‘ಸಂಘದ ವಾರ್ಷಿಕ ಸಭೆ ರವಿವಾರ 11ಕ್ಕೆ ಗೋದಾಮಿನಲ್ಲಿ. ತಪ್ಪದೆ ಬನ್ನಿ.’ ಯಂತ್ರದ ಲೆಕ್ಕದಲ್ಲಿ 57. ತಾರೀಕು ಸೇರಿಸಲೂ ಜಾಗ ಉಳಿದಿದೆ, ಸೇರಿಸಿದ್ದರೆ ಇನ್ನೂ ಚೆನ್ನಿತ್ತು.

ಲಗ್ನಪತ್ರಿಕೆ, ಫ್ಲೆಕ್ಸ್ ಕೂಡ ಮಾಡುತ್ತಾರೆ. ಅಲ್ಲಿ ಕತ್ತರಿಗೆ ಕೆಲಸವಿಲ್ಲ, ಒಬ್ಬ ಮಾವನ ಹೆಸರು ಬಿಟ್ಟರೂ ಮದುವೆಯೇ ಕೆಟ್ಟೀತು. ಎಂ.ಎ. ಕಿರುಪ್ರಬಂಧಗಳನ್ನು ತರುವ ವಿದ್ಯಾರ್ಥಿಗಳಿಗೆ ಈ ಅಂಗಡಿ ಸಲ್ಲದು, ವಾದದ ಎಳೆ ಹಿಡಿದು ಓದುವಷ್ಟು ವ್ಯವಧಾನ ಇಲ್ಲಿಲ್ಲ.

ತಾಂತ್ರಿಕವಾಗಿ ಒಂದು ತೊಡಕು ಉಳಿದಿದೆ. ಹಳೆಯ ನಮೂನೆಗಳೆಲ್ಲ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿವೆ. ಕಾಗದದ ಮೇಲೆ ಸೊಗಸಾಗಿ ಕಾಣುತ್ತವೆ, ಅದೇ ಫೈಲನ್ನು ಮೊಬೈಲಿಗೆ ಕಳಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಯುನಿಕೋಡ್‌ಗೆ ಪರಿವರ್ತಿಸಿ ಕೊಡುತ್ತಾರೆ, ಆದರೆ ಅರ್ಕಾವತ್ತು ಜಾಗ ತಪ್ಪುವ ಸಾಧ್ಯತೆ ಇದೆ. ‘ವರ್ಷ’, ‘ಅರ್ಜಿ’, ‘ಕಾರ್ಯ’ ಇಂಥ ಪದಗಳನ್ನು ಒಂದೊಂದಾಗಿ ನೋಡಿಕೊಳ್ಳಿ. ಶುರುವಿನಲ್ಲೇ ‘ಯುನಿಕೋಡ್‌ನಲ್ಲೇ ಟೈಪ್ ಮಾಡ್ರಿ’ ಎಂದು ಹೇಳಿ, ಪಿಡಿಎಫ್ ಜೊತೆಗೆ ವರ್ಡ್ ಫೈಲನ್ನೂ ಕೇಳಿ ಪಡೆಯಿರಿ. ಮೇಲ್ಮನವಿ ಹಾಕುವ ಪ್ರಸಂಗ ಬಂದರೆ ಮತ್ತೆ ಮೊದಲಿನಿಂದ ಟೈಪ್ ಮಾಡಿಸುವ ಖರ್ಚು ಉಳಿಯುತ್ತದೆ. ಮಾಹಿತಿ ಹಕ್ಕಿನಲ್ಲಿ ಮೊದಲ ಮೇಲ್ಮನವಿಗೆ ಇರುವುದು 30 ದಿನ.

ಒಟ್ಟಾರೆ ಅರ್ಜಿ, ದೂರು, ಮಾಹಿತಿ ಹಕ್ಕು, ಸೂಚನಾ ಪತ್ರಗಳಿಗೆ 100 ರೂಪಾಯಿ ಧಾರಾಳವಾಗಿ ಕೊಡಬಹುದು. ವಿಮೆ ದೂರಿಗಾದರೆ ಪಕ್ಕದಲ್ಲೇ ಕೂತು ಕಾರಣ, ತಾರೀಕು, ಎಕರೆ ಈ ಮೂರು ಉಳಿದಿವೆಯೇ ಎಂದು ನೋಡಿ ಕೊಡಿ. ಹೋಗುವಾಗ ಪಹಣಿ, ಹಿಂದಿನ ಅರ್ಜಿಯ ಸ್ವೀಕೃತಿ, ಸಕಾಲ ಸಂಖ್ಯೆ ಇದ್ದರೆ ಅದರ ರಸೀದಿ ಜೊತೆಗಿರಲಿ. ಇವಿಲ್ಲದೆ ಹೋದರೆ ಅಂಕಿ ಬರಬೇಕಾದ ಕಡೆ ಮತ್ತೆ ವಿಶೇಷಣಗಳೇ ಬಂದು ಕೂರುತ್ತವೆ. ಸೋಮವಾರ ಬೆಳಿಗ್ಗೆ ಹಳ್ಳಿ ಬಸ್ಸುಗಳು ಬಂದಿಳಿಯುವ ಹೊತ್ತಿಗೆ ಕೌಂಟರಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಪ್ರಶ್ನೆ ಕೇಳುವ ಪುರಸೊತ್ತೂ ಅವರಿಗಿರುವುದಿಲ್ಲ. ಕಚೇರಿಗಳಿಗೆ ರಜೆ ಇರುವ ಎರಡನೇ, ನಾಲ್ಕನೇ ಶನಿವಾರಗಳಲ್ಲೂ ಅಂಗಡಿ ತೆರೆದಿರುತ್ತದೆ. ಚೊಕ್ಕ ಮಾಡಿಸುವ ಕೆಲಸ ಇದ್ದರೆ ಆ ದಿನ ಹೋಗಿ.